ಕಾಸರಗೋಡು ಪೇಟೆಯಲ್ಲಿ ಫ್ಲ್ಯಾಟ್ ನೋಡಿದ್ದೇವೆ, ಅಸೋಸಿಯೇಶನ್ ಬಗ್ಗೆ ತಿಳಿದವರು ಹೇಳಿ

ಪೆರ್ಲದಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ತೋಟದ ಮನೆ. ಯಜಮಾನರಿಗೆ ಎರಡೂ ಮೊಣಕಾಲು ನೋವು, ತೋಟಕ್ಕೆ ಇಳಿಯಲು ಆಗುವುದಿಲ್ಲ. ಇನ್ನು ಮೈದುನನೇ ತೋಟ ನೋಡಿಕೊಳ್ಳುತ್ತಾನೆ. ಆಸ್ಪತ್ರೆಗೆ ಹತ್ತಿರ ಆಗಲಿ ಎಂದು ವಿದ್ಯಾನಗರದ ಕಡೆ ಒಂದು ಫ್ಲ್ಯಾಟ್ ನೋಡಿದ್ದೇವೆ. ಒಟ್ಟು 24 ಮನೆ. ನಮಗೆ ಸಿಗುವುದು ಮೂರನೇ ಮಾಳಿಗೆಯಲ್ಲಿ. ಕಟ್ಟಿ ಎಂಟು ವರ್ಷ ಆಗಿದೆ. ಈಗಿರುವವರು ಮಾರಿ ಹೋಗುತ್ತಿದ್ದಾರೆ.

ಮನೆ ಇಷ್ಟ ಆಗಿದೆ. ಹೆದರಿಕೆ ಇರುವುದು ಅಲ್ಲಿನ ಮನೆ ಮಾಲಕರ ಅಸೋಸಿಯೇಶನ್ ಬಗ್ಗೆ. ತಿಂಗಳಿಗೆ 2,800 ರೂಪಾಯಿ ಮೇಂಟೆನೆನ್ಸ್ ಕೊಡಬೇಕಂತೆ. ಟೆರೇಸಿಗೆ ಬೀಗ. ಬೇಸಗೆಯಲ್ಲಿ ಹಲಸಿನ ಹಪ್ಪಳ, ಮಾಂಬಳ, ಸೆಂಡಿಗೆ ಒಣಗಿಸದೆ ನಾನು ಒಂದು ವರ್ಷವೂ ಕಳೆದವಳಲ್ಲ. ಕೆಳಗೆ ಬೋರ್ಡಿನಲ್ಲಿ ಅಂಟಿಸಿದ ನೋಟಿಸೆಲ್ಲ ಮಲಯಾಳದಲ್ಲಿ ಇತ್ತು. ನನಗೆ ಮಾತಾಡಿದರೆ ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ನಾವು ಓದಿದ್ದು ಕನ್ನಡ ಶಾಲೆಯಲ್ಲೇ ಅಲ್ವಾ. ಮತ್ತೆ ನಮ್ಮ ನಾಯಿ ಕರಿಯನಿಗೆ ಹನ್ನೆರಡು ವರ್ಷ. ನಾಯಿ ಸಾಕಲು ಬಿಡುವುದಿಲ್ಲ ಎಂದು ಬ್ರೋಕರ್ ಹೇಳಿದ. ಅವನನ್ನು ಬಿಟ್ಟು ಬರಲು ನನಗೆ ಮನಸ್ಸಿಲ್ಲ.

ನಮ್ಮ ಮನೆಗೆ ಗುಡ್ಡದ ಸುರಂಗದಿಂದ ನೀರು ತಾನಾಗಿ ಹರಿದು ಬರುತ್ತದೆ. ಮೋಟರೂ ಬೇಡ, ಯಾರನ್ನು ಕೇಳುವುದೂ ಬೇಡ. ಹಾಗೆ ಬದುಕಿದವರು ಅಸೋಸಿಯೇಶನ್ ಇರುವ ಕಡೆ ಹೊಂದಿಕೊಳ್ಳಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಚಂದ್ರಗಿರಿ ದಡದವ:

ಅಕ್ಕಾ, ನಾನು ಪೇಟೆಯಲ್ಲೇ 30 ಮನೆಗಳ ಒಂದು ಕಟ್ಟಡದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅದರಲ್ಲಿ ನಾಲ್ಕು ವರ್ಷ ಖಜಾಂಚಿ ಆಗಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ನೀವು ಸುರಂಗದ ಮಾತು ಎತ್ತಿದ್ದೀರಿ, ಹಾಗಾಗಿ ಮೊದಲು ನೀರು. ಫ್ಲ್ಯಾಟ್ ನೋಡಲು ಬಂದವರು ಟೈಲ್ಸ್ ನೋಡುತ್ತಾರೆ, ಅಡುಗೆಮನೆಯ ಕಪಾಟು ನೋಡುತ್ತಾರೆ. ನೀವು ಕಳೆದ ಏಪ್ರಿಲ್, ಮೇ ತಿಂಗಳಲ್ಲಿ ನೀರಿಗೆ ಎಷ್ಟು ಖರ್ಚಾಯಿತು ಎಂದು ಕೇಳಿ. ಬಾವಿಕ್ಕರೆಯಲ್ಲಿ ಉಪ್ಪು ನೀರು ತಡೆಯುವ ಕಟ್ಟ (ರೆಗ್ಯುಲೇಟರ್) ಆಗುವ ಮೊದಲು ಬೇಸಗೆಯಲ್ಲಿ ಹೊಳೆಗೆ ಸಮುದ್ರದ ನೀರು ಏರಿ ಬಂದು ಪೇಟೆಯ ನಳ್ಳಿಯಲ್ಲಿ ಉಪ್ಪು ನೀರು ಬರುತ್ತಿದ್ದದ್ದು ನಿಮಗೂ ನೆನಪಿರಬಹುದು. ಆಗ ನಮ್ಮ ಅಸೋಸಿಯೇಶನ್ ಟ್ಯಾಂಕರ್ ತರಿಸಿತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಎಲ್ಲರಿಗೂ ಸಮನಾಗಿ ನೀರು ಬಿಟ್ಟೆವು. ಒಂಟಿ ಮನೆಯಲ್ಲಿದ್ದ ನನ್ನ ಅಕ್ಕ ಆ ತಿಂಗಳು ಕೊಡ ಹಿಡಿದುಕೊಂಡು ಪಕ್ಕದವರ ಬಾವಿಗೆ ಹೋಗುತ್ತಿದ್ದಳು. ಮೂವತ್ತು ಮನೆಯವರು ಒಟ್ಟಿಗೆ ಇರುವುದರ ಬಲ ನನಗೆ ಗೊತ್ತಾದದ್ದು ಆವಾಗ.

ಕಷ್ಟ ಎಲ್ಲಿ ಅಂದರೆ ಬೀಗ ಹಾಕಿದ ಮನೆಗಳಲ್ಲಿ. ನಮ್ಮ 30ರಲ್ಲಿ 11 ಮನೆಯವರು ದುಬೈ, ಶಾರ್ಜಾ, ಕತಾರಿನಲ್ಲಿ. ವರ್ಷಕ್ಕೊಮ್ಮೆ ಬರುತ್ತಾರೆ. 'ನಾವು ಲಿಫ್ಟ್ ಹತ್ತುವುದಿಲ್ಲ, ನೀರು ಮುಟ್ಟುವುದಿಲ್ಲ, ದುಡ್ಡು ಯಾಕೆ?' ಎಂದು ಕೇಳುವವರು ಅದರಲ್ಲಿ ಮೂರು ನಾಲ್ಕು ಜನ. 1983ರ ಕೇರಳ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿದೆ. ಬಳಸುವುದಿಲ್ಲ ಎಂದು ಹೇಳಿ ಸಾಮಾನ್ಯ ಖರ್ಚಿನಿಂದ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಆದರೆ ಕಾಯ್ದೆಯಲ್ಲಿ ಇದೆ ಎಂದ ಮಾತ್ರಕ್ಕೆ ದುಡ್ಡು ಕೈಗೆ ಬರುವುದಿಲ್ಲ. ಅವರ ಕೆಲಸ ಮುಗಿಯುವ ಹೊತ್ತು ನೋಡಿ ನಾನು ಇಲ್ಲಿ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಿದ್ದೆ.

ಒಂದು ವರ್ಷ ಬಾಕಿ ಜಾಸ್ತಿ ಆಗಿ ಲಿಫ್ಟಿನ ರೋಪ್ ಬದಲಿಸಲು ದುಡ್ಡೇ ಇರಲಿಲ್ಲ. ಲಿಫ್ಟ್ 23 ದಿನ ನಿಂತಿತು. ನಾಲ್ಕನೇ ಮಾಳಿಗೆಯ ಒಬ್ಬ ಅಜ್ಜಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾವು ನಾಲ್ಕು ಜನ ಹೊತ್ತು ಇಳಿಸುತ್ತಿದ್ದೆವು. ಇಳಿಯುವಾಗ ಪ್ರತಿ ಸಲವೂ ಅವರು ನನ್ನ ಕೈಯನ್ನು ಗಟ್ಟಿ ಹಿಡಿಯುತ್ತಿದ್ದರು. ಆ ದಿನಗಳನ್ನು ನಾನು ಮರೆತಿಲ್ಲ. ನಿಮ್ಮ ಯಜಮಾನರಿಗೆ ಮೊಣಕಾಲು ನೋವು, ನಿಮ್ಮದು ಮೂರನೇ ಮಾಳಿಗೆ. ಹಾಗಾಗಿ 2,800 ಜಾಸ್ತಿಯಾ ಕಡಿಮೆಯಾ ಎಂದು ಯೋಚಿಸುವ ಮೊದಲು, 24ರಲ್ಲಿ ಎಷ್ಟು ಮನೆಯವರು ಅದನ್ನು ಸರಿಯಾಗಿ ಕೊಡುತ್ತಿದ್ದಾರೆ, ದೊಡ್ಡ ಕೆಲಸಕ್ಕೆಂದು ಇಟ್ಟ ಹಣ ಎಷ್ಟಿದೆ ಎಂದು ಕೇಳಿ. ಲೆಕ್ಕದ ಪುಸ್ತಕ ತೋರಿಸಲು ಹಿಂಜರಿಯುವ ಕಟ್ಟಡ ಬೇಡವೇ ಬೇಡ.

ಕಟ್ಟಡಕ್ಕೆ ಎಂಟು ವರ್ಷ ಅಂದಿರಿ. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯಲ್ಲಿ ಮನೆ ಕೈಗೆ ಕೊಟ್ಟು 5 ವರ್ಷದ ಒಳಗೆ ಕಟ್ಟಡದಲ್ಲಿ ದೋಷ ಕಂಡರೆ ಕಟ್ಟಿಸಿದವರೇ ಸರಿಮಾಡಿ ಕೊಡಬೇಕು. ನಿಮಗೆ ಆ ಅವಧಿ ದಾಟಿದೆ. ನಮ್ಮ ಊರಿನ ಮಳೆಗೆ ಟೆರೇಸ್ ಸೋರಿದರೆ ಖರ್ಚು ಎಲ್ಲರ ತಲೆಗೆ. ಮಳೆಗಾಲದಲ್ಲಿ ಒಮ್ಮೆ ಹೋಗಿ ಮೇಲಿನ ಮಾಳಿಗೆಯ ಗೋಡೆ ನೋಡಿ ಬನ್ನಿ.

ಕರಿಯನನ್ನು ಧೈರ್ಯವಾಗಿ ಕರೆದುಕೊಂಡು ಬನ್ನಿ. ಸಾಕುಪ್ರಾಣಿ ಇಟ್ಟುಕೊಳ್ಳಬಾರದು ಎಂದು ಅಸೋಸಿಯೇಶನ್ ನಿಯಮ ಮಾಡುವ ಹಾಗಿಲ್ಲ ಎಂದು 2021ರಲ್ಲೇ ಕೇರಳ ಹೈಕೋರ್ಟ್ ಹೇಳಿದೆ. ಲಸಿಕೆಯ ಕಾರ್ಡ್ ಇಟ್ಟುಕೊಳ್ಳಿ. ಲಿಫ್ಟಿನಲ್ಲಿ ಮಕ್ಕಳಿದ್ದರೆ ಮುಂದಿನ ಸಲಕ್ಕೆ ಕಾಯಿರಿ, ಅಷ್ಟೇ.

ನೋಟಿಸಿನ ವಿಷಯ ನನ್ನ ಮನಸ್ಸಿಗೂ ತಟ್ಟಿತು. ಸರಕಾರಿ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕು ನಮಗೆ 1969ರ ಆಡಳಿತ ಭಾಷಾ ಕಾಯ್ದೆಯಿಂದ ಇದೆ. ಅಸೋಸಿಯೇಶನ್ ಸರಕಾರ ಅಲ್ಲ, ಅಲ್ಲಿ ಕೇಳಿಯೇ ಪಡೆಯಬೇಕು. ನಾನು ಖಜಾಂಚಿ ಆದ ಮೇಲೆ ತಿಂಗಳ ಲೆಕ್ಕವನ್ನು ಕನ್ನಡದಲ್ಲೂ ಬರೆದು ಲಿಫ್ಟಿನ ಪಕ್ಕ ಅಂಟಿಸಿದೆ. ಆಗ ಸೆಕ್ರೆಟರಿ ಆಗಿದ್ದವರು ಪಯ್ಯನ್ನೂರಿನ ಕಡೆಯವರು. 'ಇದು ಮೊದಲೇ ಆಗಬೇಕಿತ್ತು' ಎಂದರು. ಅಲ್ಲಿಂದ ಎರಡೂ ಭಾಷೆ ನಡೆಯುತ್ತಿದೆ. ಮೀಟಿಂಗಿಗೆ ಹೋಗಿ ಅಕ್ಕಾ. ಹೋಗದವರಿಗೆ ನಿಯಮ ಬೋರ್ಡಿನಲ್ಲಿ ಮಾತ್ರ ಸಿಗುತ್ತದೆ.

ಕುಂಬಳೆಯಿಂದ ಫ್ಲೋರಿಡಾಕ್ಕೆ:

ಅಕ್ಕಾ, ನಾನು ಕುಂಬಳೆಯವ. ಇಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಇಲ್ಲಿ ಸ್ವಂತ ಜಾಗದಲ್ಲಿ ಸ್ವಂತ ಮನೆ ಇದ್ದರೂ ಎಷ್ಟೋ ಬಡಾವಣೆಗಳಿಗೆ ಒಂದು ಅಸೋಸಿಯೇಶನ್ ಇರುತ್ತದೆ. ಎಚ್‌ಒಎ ಅನ್ನುತ್ತಾರೆ. ಮನೆಗೆ ಯಾವ ಬಣ್ಣ, ಹುಲ್ಲು ಎಷ್ಟು ಎತ್ತರ, ಎಲ್ಲ ಅವರು ಹೇಳಿದ ಹಾಗೆ. ಬಾಕಿ ಕಟ್ಟದೆ ಬಿಟ್ಟರೆ ಮನೆಯನ್ನೇ ಹರಾಜಿಗೆ ಹಾಕಿಸುವ ಅಧಿಕಾರವೂ ಅವರಿಗಿದೆ.

ನಾನು ಹಿತ್ತಿಲಲ್ಲಿ ಬಸಳೆ ಚಪ್ಪರ ಹಾಕಿದ್ದೆ. ಬೀಜ ಅಮ್ಮ ಕೊಟ್ಟದ್ದು. ತೆಗೆಯಿರಿ, ಇಲ್ಲದಿದ್ದರೆ ದಂಡ ಎಂದು ಕಾಗದ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಕಾನೂನು ಓದಿದೆ. ದಂಡ ಹಾಕುವ ಮೊದಲು 14 ದಿನದ ನೋಟಿಸ್ ಕೊಡಬೇಕು. ಆಡಳಿತ ಮಂಡಳಿಯಲ್ಲಿ ಇಲ್ಲದ ಕನಿಷ್ಠ ಮೂರು ಜನ ಸದಸ್ಯರ ಮುಂದೆ ನಮ್ಮ ಮಾತು ಹೇಳಲು ಅವಕಾಶ ಇದೆ. ಹೋಗಿ ಹೇಳಿದೆ. ದಂಡ ಬೀಳಲಿಲ್ಲ, ಆದರೆ ಚಪ್ಪರವನ್ನು ಮೂಲೆಗೆ ಸರಿಸಬೇಕಾಯಿತು. ರಸ್ತೆಗೂ ಪಕ್ಕದ ಮನೆಗೂ ಕಾಣದ ತರಕಾರಿ ಗಿಡವನ್ನು, ಬಟ್ಟೆ ಒಣಗಿಸುವ ಹಗ್ಗವನ್ನು ತಡೆಯಬಾರದು ಎಂದು 2024ರ ಕಾನೂನಿನಲ್ಲಿ ಸೇರಿಸಿದ್ದಾರೆ. ಈಗ ಬಸಳೆ ನೆಮ್ಮದಿಯಾಗಿ ಹಬ್ಬಿದೆ.

ಒಳ್ಳೆಯದೂ ಇದೆ. ಮಳೆನೀರು ಸೇರುವ ಕೆರೆ, ಚರಂಡಿ ಎಲ್ಲ ಅವರದ್ದೇ ಜವಾಬ್ದಾರಿ. ಚಂಡಮಾರುತ ಬಂದ ವರ್ಷ ನಮ್ಮ ಬೀದಿಯಲ್ಲಿ ನೀರು ನಿಲ್ಲಲಿಲ್ಲ. ಬೈಲಾ, ಅಂದರೆ ಅಸೋಸಿಯೇಶನ್ನಿನ ನಿಯಮಗಳನ್ನು ಪೂರ್ತಿ ಓದಿಸಿಕೊಳ್ಳಿ ಅಕ್ಕಾ, ನಾನು ಓದದೆ ಸಹಿ ಹಾಕಿದವ.

ಹೊಸೂರು ಕನ್ನಡಿಗ:

ಫ್ಲ್ಯಾಟ್ ಬೇಡ, ಲೇಔಟಿನಲ್ಲಿ ಸೈಟ್ ತೆಗೆದುಕೊಳ್ಳೋಣ ಅನ್ನುವವರಿಗೆ ಒಂದು ಮಾತು. ನಾನು ಇರುವುದು ಹೊಸೂರಿನ ಒಂದು ಲೇಔಟಿನಲ್ಲಿ. ಗೇಟು, ಕಾವಲುಗಾರ ಎಲ್ಲ ತೋರಿಸಿ ಮಾರಿದರು. ಆದರೆ ತಮಿಳುನಾಡಿನಲ್ಲಿ ಲೇಔಟಿಗೆ ಮಂಜೂರಾತಿ ಸಿಗಬೇಕಾದರೆ ಒಳಗಿನ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ದಾನಪತ್ರ ಮಾಡಿ ಕೊಡಬೇಕು. ಅದು ಊರಿನ ರಸ್ತೆ. ನಮ್ಮ ಅಸೋಸಿಯೇಶನ್ ಗೇಟ್ ಮುಚ್ಚಿದಾಗ ಹಿಂದಿನ ಹಳ್ಳಿಯವರು ಬಂದು ಕೇಳಿದರು. ಅವರು ಕೇಳಿದ್ದು ನ್ಯಾಯವೇ ಆಗಿತ್ತು, ಅವರ ಮಕ್ಕಳು ಶಾಲೆಗೆ ಹೋಗುವ ದಾರಿ ಅದು. ಗೇಟ್ ತೆಗೆದೆವು. ಗೇಟಿಗೆ ಕೊಟ್ಟ ದುಡ್ಡು ಹೋಯಿತು. ಯಾವುದು ನಿಮ್ಮದು, ಯಾವುದು ಎಲ್ಲರದ್ದು ಎಂದು ಕಾಗದದಲ್ಲಿ ನೋಡಿ.

ಪೆರ್ಲದಕ್ಕ:

ಇಷ್ಟು ಪ್ರೀತಿಯಿಂದ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಉಪಕಾರ ಆಯಿತು. ಭಾನುವಾರ ಹೋಗಿ ಬಂದೆವು. ಸೆಕ್ರೆಟರಿ ಪುಸ್ತಕ ತೆರೆದು ತೋರಿಸಿದರು. 24ರಲ್ಲಿ ನಾಲ್ಕು ಮನೆಯದ್ದು ಬಾಕಿ. ಅದರಲ್ಲಿ ಒಂದು, ನಾವು ನೋಡಿದ ಮನೆಯದ್ದೇ! 41,000 ರೂಪಾಯಿ. ಮಾರುವವರು ನಮಗೆ ಹೇಳಿಯೇ ಇರಲಿಲ್ಲ.

ಟೆರೇಸಿಗೆ ಬೀಗ ಹಾಕಿದ್ದು ಮಕ್ಕಳು ಗಾಳಿಪಟ ಹಿಡಿದು ಅಂಚಿಗೆ ಹೋಗುತ್ತಾರೆ ಎಂದು. ಕೇಳಿದ ಮೇಲೆ ನನಗೂ ಸರಿ ಅನಿಸಿತು. ಬೇಸಗೆಯಲ್ಲಿ ಕೀಲಿಕೈ ಕೊಡುತ್ತೇವೆ, ಹಪ್ಪಳ ತೆಗೆದ ಮೇಲೆ ಚಾಪೆ ಬಿಟ್ಟು ಬರಬೇಡಿ ಎಂದರು. ಕನ್ನಡ ನೋಟಿಸಿನ ವಿಷಯ ಮುಂದಿನ ಮೀಟಿಂಗಿಗೆ ತರಬೇಕಂತೆ. ಮಾಲಕರಾದ ಮೇಲೆ ನಾನೇ ತರುತ್ತೇನೆ.

ಆ 41,000 ಬಾಕಿ ನಮ್ಮ ತಲೆಗೆ ಬರುತ್ತದಾ?

ಚಂದ್ರಗಿರಿ ದಡದವ:

ಬರುತ್ತದೆ ಅಕ್ಕಾ. ಬಾಕಿ ಮನೆಯ ಮೇಲೆಯೇ ಇರುತ್ತದೆ, ಕೊಂಡವರ ಮೇಲೂ ಹೊಣೆ ಬೀಳುತ್ತದೆ. ಅವರು ಕಟ್ಟಲಿ. ಕಟ್ಟಿದ ಮೇಲೆ ಬಾಕಿ ಏನೂ ಇಲ್ಲ ಎಂದು ಅಸೋಸಿಯೇಶನ್ನಿನ ಲೆಟರ್‌ಹೆಡ್ಡಿನಲ್ಲಿ, ತಾರೀಕು, ಮನೆ ನಂಬರ್, ಸಹಿ, ಮೊಹರು ಎಲ್ಲ ಇರುವ ಕಾಗದ ತರಿಸಿಕೊಳ್ಳಿ. ಅದು ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. ಅವರು ಅವಸರ ಮಾಡಿದರೆ, ಬಾಕಿಯನ್ನು ಮನೆಯ ಬೆಲೆಯಲ್ಲಿ ಕಳೆದು ನಾವೇ ನೇರ ಅಸೋಸಿಯೇಶನ್ನಿಗೆ ಕಟ್ಟುತ್ತೇವೆ ಎಂದು ಅಗ್ರಿಮೆಂಟಿನಲ್ಲಿ ಬರೆಸಿ. ಡಾಕ್ಯುಮೆಂಟ್ ರೈಟರಿಗೆ ಹೇಳಿದರೆ ಒಂದು ಸಾಲು ಸೇರಿಸುತ್ತಾರೆ.