ಅಪ್‌ಡೇಟ್: ಆಲ್ಫಾ ಸ್ಕ್ವೇರ್ ಪ್ಲಸ್ ಬೀಟಾ ಸ್ಕ್ವೇರ್ ಲೆಕ್ಕ ಸಿಕ್ತು
2ಎಕ್ಸ್² − 6ಎಕ್ಸ್ + 3 = 0 ಲೆಕ್ಕದಲ್ಲಿ ಮೂಲಗಳ (ಅಂದ್ರೆ ಸಮೀಕರಣಕ್ಕೆ ಹೊಂದೋ ಎಕ್ಸ್‌ನ ಎರಡು ಬೆಲೆಗಳು, ಆಲ್ಫಾ ಮತ್ತೆ ಬೀಟಾ) ವರ್ಗಗಳ ಮೊತ್ತ ನಂಗೆ 30 ಬರ್ತಿದೆ, ಉತ್ತರದಲ್ಲಿ 6 ಇದೆ ಅಂತ ಕೇಳಿದ್ನಲ್ಲ, ತಪ್ಪು ನಂದೇ. ಎಕ್ಸ್² ಮುಂದಿರೋ 2ರಿಂದ ಭಾಗಿಸೋದೇ ಮರೆತು ಮೂಲಗಳ ಮೊತ್ತ 6, ಗುಣಲಬ್ಧ 3 ಅಂತ ಹಾಕ್ಕೊಂಡು, ಮೊತ್ತದ ವರ್ಗದಿಂದ ಗುಣಲಬ್ಧದ ಎರಡರಷ್ಟು ಕಳೀಬೇಕಲ್ಲ, ಅಲ್ಲಿ 36 − 6 ಮಾಡ್ಬಿಟ್ಟಿದ್ದೆ 🤦 ಸರಿಯಾಗಿ ಮಾಡಿದ್ರೆ ಮೊತ್ತ 3, ಗುಣಲಬ್ಧ 3/2, ಸೋ 9 − 3 = 6. ನಂಬಿಕೆ ಬರ್ಲಿಲ್ಲ ಅಂತ ಫಾರ್ಮುಲಾ ಹಾಕಿ ಮೂಲಗಳನ್ನೇ ತೆಗೆದೆ, ಸುಮಾರು 2.366 ಮತ್ತೆ 0.634, ಎರಡರ ವರ್ಗ ಕೂಡಿಸಿದ್ರೂ 6ಏ. ಮೊತ್ತ ತೆಗಿಯೋವಾಗ −6ರ ಮೈನಸ್ ಚಿಹ್ನೆ ಬಗ್ಗೆ ಎಚ್ಚರಿಸಿದವ್ರಿಗೆ ಥ್ಯಾಂಕ್ಸ್, ಅದೊಂದು ಮಾತ್ರ ಸರಿಯಾಗಿ ಮಾಡಿದ್ದೆ! ಆ ವರ್ಗಗಳೇ ಮೂಲಗಳಾಗಿರೋ ಸಮೀಕರಣ ಬರಿಯೋ ಮುಂದಿನ ಪ್ರಶ್ನೇನೂ ಆಯ್ತು, ಮೊತ್ತ 6, ಗುಣಲಬ್ಧ 9/4, ಅಂದ್ರೆ 4ಎಕ್ಸ್² − 24ಎಕ್ಸ್ + 9 = 0.