ಸಹಾಯ ಬೇಕು: ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಜೊಲ್ಲಿನ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 30 ವಾರಕ್ಕೇ ಹೆರಿಗೆಯಾಯಿತು. ಮಗು ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ತೂಕ ಒಂದು ಕೆಜಿ ದಾಟಿದೆ ಅಷ್ಟೇ. ಉಸಿರಾಟ ಪರವಾಗಿಲ್ಲ. ಹಾಲು ಮಾತ್ರ ಇನ್ನೂ ಟ್ಯೂಬಿನಲ್ಲೇ. ರಕ್ತಕ್ಕಾಗಿ ಚುಚ್ಚಿ ಚುಚ್ಚಿ ಎರಡೂ ಹಿಮ್ಮಡಿ ಕಪ್ಪಾಗಿವೆ. ಇಷ್ಟು ಪುಟ್ಟ ಮೈಯಲ್ಲಿ ಇರುವ ರಕ್ತವೇ ಸುಮಾರು 100 ಎಂಎಲ್, ಅಲ್ವಾ?

ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಜಿಲ್ ಮ್ಯಾರನ್ ತಂಡ ಮಗುವಿನ ಜೊಲ್ಲಿನಲ್ಲೇ ಜೀನ್‌ಗಳ ಚಟುವಟಿಕೆ ನೋಡುವ ಕೆಲಸ ಮಾಡಿದೆ. 2012ರ ಅವರ ಅಧ್ಯಯನದಲ್ಲಿ ಹಸಿವಿಗೆ ಸಂಬಂಧಿಸಿದ ಎನ್‌ಪಿವೈ2ಆರ್ ಎಂಬ ಜೀನ್ ಬಗ್ಗೆ ಇದೆ. ಅದರ ಸುಳಿವು ಜೊಲ್ಲಿನಲ್ಲಿ ಸಿಕ್ಕರೆ, ಮಗು ಬಾಯಿಂದ ಕುಡಿಯಲು ಇನ್ನೂ ತಯಾರಾಗಿಲ್ಲ ಎನ್ನುವ ಸಾಧ್ಯತೆ ಜಾಸ್ತಿಯಂತೆ. ಇಂಥ ಪರೀಕ್ಷೆ ಬೆಂಗಳೂರಲ್ಲಿ ಅಥವಾ ವೆಲ್ಲೂರು ಕಡೆ ಎಲ್ಲಾದರೂ ಮಾಡುತ್ತಾರಾ? ಸಂಶೋಧನೆಗೆ ಸೇರಿಸಿಕೊಳ್ಳುವುದಾದರೂ ಸರಿ.

ಇನ್ನೊಂದು, ಇದು ಅರ್ಜೆಂಟ್. ಸಿಎಂವಿ (ಸೈಟೊಮೆಗಲೊವೈರಸ್) ಎಂಬ ವೈರಸ್ ಸೋಂಕು ಇದೆಯಾ ನೋಡಲು ಡಾಕ್ಟರು ಜೊಲ್ಲಿನ ಸ್ವಾಬ್ ತೆಗೆಯೋಣ ಎಂದಿದ್ದಾರೆ. ಹುಟ್ಟಿದ 21 ದಿನದೊಳಗೆ ಆಗಬೇಕಂತೆ. ತಾಯಿಹಾಲಿನಲ್ಲೂ ಆ ವೈರಸ್ ಇರಬಹುದಾದ್ದರಿಂದ ಹಾಲು ಕೊಟ್ಟು ಒಂದು ಗಂಟೆಯಾದರೂ ಬಿಡಬೇಕು ಎಂದು ಓದಿದೆ. ನಮ್ಮ ಮಗುವಿಗೆ ಹಾಲು ಟ್ಯೂಬಿನಲ್ಲಿ ಹೋದರೂ, ನರ್ಸ್ ಆಗಾಗ ಒಂದೆರಡು ಹನಿ ಗಿಣ್ಣುಹಾಲನ್ನು ಕೆನ್ನೆಯ ಒಳಗೆ ಸವರುತ್ತಾರೆ. ಆಗಲೂ ಅಷ್ಟೇ ಹೊತ್ತು ಬಿಡಬೇಕಾ? ಪಾಸಿಟಿವ್ ಬಂದರೆ ಮೂತ್ರ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ ಅನ್ನುವುದು ಗೊತ್ತು. ಆದರೂ ಸುಮ್ನೆ ಗಾಬರಿಯಾಗುವುದು ಬೇಡ ಅಂತ ಕೇಳುತ್ತಿದ್ದೇನೆ.

ಎನ್‌ಐಸಿಯು ನರ್ಸ್‌ಗಳು, ಮಕ್ಕಳ ಡಾಕ್ಟರುಗಳು, ಇದನ್ನು ದಾಟಿ ಬಂದ ಅಪ್ಪ ಅಮ್ಮಂದಿರು ದಯವಿಟ್ಟು ಉತ್ತರಿಸಿ. ಮನೆಮದ್ದು ಮಾತ್ರ ಬೇಡ.