ಪ್ರಶ್ನೋತ್ತರ: ರಿಲೀಸ್ ತಿಂಗಳು, ಆನ್‌ಕಾಲ್ ರಾತ್ರಿ, ನಿದ್ದೆಗೆಟ್ಟ ತಲೆ

ಅಡ್ಮಿನ್: ಮಡಿಕೇರಿಯ ಮನೋವೈದ್ಯೆ ಮೇಡಂ ಇವತ್ತು ರಾತ್ರಿ 8ರಿಂದ ನಮ್ಮ ಗುಂಪಿನಲ್ಲಿ ಇರುತ್ತಾರೆ. ವಿಷಯ: ಐಟಿ ಕೆಲಸದ ಒತ್ತಡದ ದಿನಗಳು. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕುಶಾಲನಗರ ಡೆವಲಪರ್: ನಮಸ್ತೆ ಮೇಡಂ. ಡಿಸೆಂಬರ್ ಪೂರ್ತಿ ಕೋಡ್ ಫ್ರೀಜ್ ಇತ್ತು, ಅಂದ್ರೆ ಸಾಫ್ಟ್‌ವೇರ್‌ಗೆ ಹೊಸ ಬದಲಾವಣೆ ಹಾಕಂಗಿಲ್ಲ. ಈಗ ಜನವರಿಯಲ್ಲಿ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ರಿಲೀಸ್, ಅಂದ್ರೆ ಬಳಕೆಗೆ ಬಿಡೋದು. ಜೊತೆಗೆ ಆನ್‌ಕಾಲ್, ಸಿಸ್ಟಂ ಕೆಟ್ಟರೆ ಯಾವ ಹೊತ್ತಲ್ಲೂ ಎದ್ದು ಸರಿಮಾಡೋ ಸರದಿ. ರಾತ್ರಿ 2ಕ್ಕೆ ಅಲರ್ಟ್ ಬರುತ್ತೆ, 3ಕ್ಕೆ ಸರಿಹೋಗುತ್ತೆ, ಆಮೇಲೆ ಬೆಳಗಿನವರೆಗೂ ನಿದ್ದೆ ಹತ್ತಲ್ಲ.

ಡಾಕ್ಟರ್: ನಮಸ್ತೆ. ಅಷ್ಟು ಹೊತ್ತಲ್ಲಿ ಗಡಿಬಿಡಿಯಿಂದ ಎದ್ದು ಕೆಲಸ ಮಾಡಿದ ಮೇಲೆ ತಕ್ಷಣ ನಿದ್ದೆ ಬರಲೇಬೇಕು ಅಂತ ಹಟ ಹಿಡಿದರೆ ಬರಲ್ಲ. ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಮಂದ ಬೆಳಕಲ್ಲಿ ಕೂತಿರಿ, ಕಣ್ಣು ಎಳೆದಾಗ ಮಲಗಿ. ಏನು ಕೆಟ್ಟಿತ್ತು, ಏನು ಮಾಡಿದಿರಿ ಅಂತ ನಾಲ್ಕು ಸಾಲು ಬರೆದಿಡಿ. ಬೆಳಗ್ಗೆ ಮರೆತುಹೋದರೆ ಅನ್ನೋ ಭಯವೇ ಅರ್ಧ ನಿದ್ದೆ ಕೆಡಿಸುತ್ತೆ. ಮಧ್ಯಾಹ್ನ ಅಲಾರಂ ಇಟ್ಟು 20 ನಿಮಿಷ ಮಲಗಬಹುದು. ರಾತ್ರಿ ಎದ್ದವರು ಮರುದಿನ ತಡವಾಗಿ ಶುರು ಮಾಡೋ ಪದ್ಧತಿ ನಿಮ್ಮ ಟೀಮಲ್ಲಿ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಕೇಳಿ. ಪ್ರಾಣಾಯಾಮದಿಂದ ರೋಸ್ಟರ್ ಸರಿಹೋಗಲ್ಲ.

ಗೋಣಿಕೊಪ್ಪ: ಮೇಡಂ, ಕಾಫಿ ಎಷ್ಟು ಕುಡೀಬಹುದು? ರಿಲೀಸ್ ದಿನ ಲೆಕ್ಕವೇ ಸಿಗಲ್ಲ.

ಡಾಕ್ಟರ್: ಮಧ್ಯಾಹ್ನ 2ರ ಮೇಲೆ ಬೇಡ. ಕುಡಿದ ಕೆಫೀನ್‌ನಲ್ಲಿ ಸುಮಾರು ಅರ್ಧ, 5 ಗಂಟೆ ಕಳೆದರೂ ಮೈಯಲ್ಲಿರುತ್ತೆ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ನಿಮ್ಮ ಮನೆ ಪುಡಿ ಯಾವುದು ಅಂತ ನಿಮಗೇ ಗೊತ್ತು.

ಸುಂಟಿಕೊಪ್ಪ: ಮೂರು ತಿಂಗಳ ನೋಟಿಸ್ ಪಿರಿಯಡ್ ಇದೆ. ಕೆಲಸ ಬಿಟ್ಟುಬಿಡಲಾ ಮೇಡಂ?

ನಾಪೋಕ್ಲು ಅಕ್ಕ: ಮೇಡಂ, ಇದು ನಮ್ಮನೆಯವರ ವಿಷಯ. ವರ್ಕ್ ಫ್ರಂ ಹೋಂ. ಹೊಸ ವರ್ಷದಿಂದ ರಿಲೀಸ್ ಅಂತ ಮಲಗೋದು ರಾತ್ರಿ ಎರಡು–ಮೂರು ಗಂಟೆ ಮಾತ್ರ. ಮೊದಲು ಸುಸ್ತು ಅಂತಿದ್ರು. ಈಗ ಒಂದು ವಾರದಿಂದ ಸುಸ್ತೇ ಇಲ್ಲ ಅಂತಾರೆ. ತುಂಬಾ ಖುಷಿ, ತುಂಬಾ ಮಾತು. ರಾತ್ರಿ 3ಕ್ಕೆ ಡೈರೆಕ್ಟರ್‌ಗೆ ಉದ್ದುದ್ದ ಮೇಲ್ ಹಾಕ್ತಾರೆ. ತೋಟದಲ್ಲಿ ಹೋಂಸ್ಟೇ ಕಟ್ಟಬೇಕು ಅಂತ ಯಾರನ್ನೂ ಕೇಳದೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ. ಒತ್ತಡಕ್ಕೆ ಒಳ್ಳೇದು ಅಂತ ಗೆಳೆಯರೊಬ್ಬರು ತಾವು ತಗೊಳ್ಳೋ ಎಸ್ಸಿಟಾಲೋಪ್ರಾಮ್ ಮಾತ್ರೆ ಕೊಟ್ಟಿದ್ದರು, ಅದನ್ನೂ ನುಂಗ್ತಿದ್ದಾರೆ. ನಾನು ಸುಮ್ಮನೆ ಹೆದರ್ತಿದ್ದೀನಾ?

ವಿರಾಜಪೇಟೆ ಟೆಸ್ಟರ್: ಅಕ್ಕಾ, ನಿಮ್ಮೆಜಮಾನ್ರ ಎನರ್ಜಿ ನಮಗೂ ಸ್ವಲ್ಪ ಕೊಡಿ 😀

ಡಾಕ್ಟರ್: ಟೆಸ್ಟರ್, ಇದು ನಗುವ ವಿಷಯ ಅಲ್ಲ.

ಅಕ್ಕ, ನೀವು ಸುಮ್ಮನೆ ಹೆದರ್ತಿಲ್ಲ. ಇಲ್ಲಿ ಕೂತು ಕಾಯಿಲೆಯ ಹೆಸರು ಹೇಳಲ್ಲ, ಆದರೆ ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಚಿಂತೆ ಹಚ್ಚಿದ್ದು ಇದೊಂದೇ. ನಿದ್ದೆ ಇಲ್ಲದ ಮನುಷ್ಯ ಸುಸ್ತಾಗಬೇಕು, ಸಿಡುಕಬೇಕು, ಲ್ಯಾಪ್‌ಟಾಪ್ ಮುಂದೆ ತೂಕಡಿಸಬೇಕು. ಅದು ಕೆಲಸದ ಒತ್ತಡ. ಎರಡು–ಮೂರು ಗಂಟೆ ಮಲಗಿ ಹುರುಪು ಏರುತ್ತಾ ಹೋದರೆ, ಮಾತು, ಖರ್ಚು, ಯೋಜನೆ ಎಲ್ಲ ಒಟ್ಟಿಗೆ ಹೆಚ್ಚಾದರೆ, ಅದು ಬೇರೆ. ಬೈಪೋಲಾರ್ (ಮನಸ್ಸು ಒಮ್ಮೆ ತುಂಬಾ ಮಂಕಾಗಿ, ಒಮ್ಮೆ ಮಿತಿಮೀರಿ ಏರುವ ಕಾಯಿಲೆ) ಸ್ವಭಾವ ಇರುವವರಲ್ಲಿ ಸತತ ನಿದ್ದೆಗೇಡೇ ಉನ್ಮಾದವನ್ನು, ಅಂದರೆ ಆ ಮಿತಿಮೀರಿದ ಹುರುಪನ್ನು, ಎಬ್ಬಿಸಬಹುದು. ಎಸ್ಸಿಟಾಲೋಪ್ರಾಮ್‌ನಂಥ, ಖಿನ್ನತೆಗೆ ಕೊಡುವ ಮಾತ್ರೆಯೂ ಅಂಥವರನ್ನು ಅದೇ ಕಡೆಗೆ ತಳ್ಳಬಹುದು. ಇವರಿಗೆ ಎರಡೂ ಸೇರಿದೆ. ಥೈರಾಯ್ಡ್ ಹೆಚ್ಚಾದರೂ, ಸ್ಟಿರಾಯ್ಡ್ ತಗೊಂಡರೂ ಹೀಗೆ ಕಾಣಬಹುದು, ಅದನ್ನೂ ನೋಡಬೇಕು.

ಮನೆತನದಲ್ಲಿ ಯಾರಿಗಾದರೂ ಲಿಥಿಯಂ ಮಾತ್ರೆ (ಬೈಪೋಲಾರ್‌ಗೆ ಕೊಡೋದು) ಕೊಟ್ಟಿದ್ದರಾ? ಮುಂಚೆ ಯಾವಾಗಲಾದರೂ ತಿಂಗಳುಗಟ್ಟಲೆ ಮಂಕಾಗಿದ್ದರಾ? ಇವತ್ತೇ ಅತ್ತೆಯವರನ್ನು ಕೇಳಿ. ಮುಂದಿನ ಮಾತ್ರೆ ನುಂಗುವ ಮೊದಲು ನನಗೆ ಫೋನ್ ಮಾಡಿ. ಕಾರಿನ ಕೀ, ಎಟಿಎಂ ಕಾರ್ಡ್ ನಿಮ್ಮ ಹತ್ತಿರ ಇರಲಿ. 'ನಿಮಗೆ ತಲೆ ಸರಿ ಇಲ್ಲ' ಅಂತ ವಾದಕ್ಕೆ ಇಳಿಯಬೇಡಿ, ನಿದ್ದೆಗೆ ತೋರಿಸೋಣ ಅಂದರೆ ಬರುತ್ತಾರೆ. ನಾಳೆಯೇ ಕರಕೊಂಡು ಬನ್ನಿ, ರಿಲೀಸ್ ಮುಗಿಯಲಿ ಅಂತ ಕಾಯಬೇಡಿ. ರಾತ್ರಿ ಕೈಮೀರಿದರೆ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಯಾವ ಹೊತ್ತಲ್ಲೂ ಕನ್ನಡದಲ್ಲಿ ಮಾತಾಡಬಹುದು.

ಸೋಮವಾರಪೇಟೆ: 🙏 ನಿದ್ರಾಹೀನತೆಗೆ ರಾಮಬಾಣ! ಎರಡು ಚಮಚ ಜಾಯಿಕಾಯಿ ಪುಡಿ ಬಿಸಿ ಹಾಲಿನಲ್ಲಿ! ವೈದ್ಯರು ಇದನ್ನು ಹೇಳುವುದಿಲ್ಲ! 🙏

ಡಾಕ್ಟರ್: ಹೇಳುತ್ತೇನೆ, ಕೇಳಿ. ಪಾಯಸಕ್ಕೆ ತುರಿದು ಹಾಕುವ ಚಿಟಿಕೆ ಜಾಯಿಕಾಯಿಯಿಂದ ಏನೂ ಆಗಲ್ಲ. ಎರಡು ಚಮಚ ವಿಷ. ವಾಂತಿ, ಎದೆ ಬಡಿತ, ಭ್ರಮೆ, ಒಂದು ದಿನಕ್ಕೂ ಮೀರಿ. ಆ ಅಕ್ಕನ ಪ್ರಶ್ನೆಯ ಕೆಳಗೇ ಇದನ್ನು ಹಾಕಿದ್ದೀರಿ. ಅಳಿಸಿ.

ಎಸ್ಟೇಟ್ ಅಂಕಲ್: ನಮ್ಮ ಕಾಲದಲ್ಲಿ ಕಾಫಿ ಕುಯ್ಲು ಅಂದ್ರೆ ಎರಡು ತಿಂಗಳು ನಿದ್ದೆ ಇಲ್ಲ. ಯಾರು ಡಾಕ್ಟ್ರ ಹತ್ರ ಹೋಗಿದ್ರು? ಕುರ್ಚಿ ಮೇಲೆ ಕೂತು ಕೀಬೋರ್ಡ್ ಕುಟ್ಟೋದಕ್ಕೆ ಒತ್ತಡ ಅಂತೆ.

ವಿರಾಜಪೇಟೆ ಟೆಸ್ಟರ್: ಅಂಕಲ್, ಕತ್ತಲಾದರೆ ಕುಯ್ಲು ನಿಲ್ಲುತ್ತೆ. ನಮಗೆ ಕ್ಯಾಲಿಫೋರ್ನಿಯಾದ ಕಾಲ್ ಶುರುವಾಗೋದೇ ರಾತ್ರಿ 10.30ಕ್ಕೆ. ಬೆಳಗ್ಗೆ ಎದ್ದರೆ ಅಪ್ಪ ಕಣಕ್ಕೆ ಕಳಿಸ್ತಾರೆ, ಕಾಫಿ ಹರವು ಅಂತ. ಎರಡೂ ಕೆಲಸ ಮಾಡ್ತಿರೋದು ನಾವೇ.

ಎಸ್ಟೇಟ್ ಅಂಕಲ್: ಸಂಬಳ ಎಷ್ಟು ಅಂತಾನೂ ಹೇಳಪ್ಪ. ಇಲ್ಲಿ ಕುಯ್ಯೋಕೆ ಜನ ಇಲ್ಲ, ಆನೆ ಕಾಟ ಬೇರೆ.

ಮಡಿಕೇರಿ ವಕೀಲ: ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಅಂತ ಬರೆದಿದೆ. ಯಾರೂ ಓದಲ್ಲ.

ಕುಶಾಲನಗರ ಡೆವಲಪರ್: ಐಟಿಗೆ ವಿನಾಯಿತಿ ಕೊಟ್ಟಿದ್ದರಲ್ಲ ಸರ್?

ಮಡಿಕೇರಿ ವಕೀಲ: ಆ ವಿನಾಯಿತಿ ಕೊಟ್ಟಿದ್ದು ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಕಂಪನಿ ತನ್ನ ಸೇವಾ ನಿಯಮ ಬರೆದಿಡಬೇಕು ಅನ್ನೋ ಹಳೇ ಕಾಯ್ದೆ ಅದು. ಗಂಟೆ ಲೆಕ್ಕ ಬೇರೆ. ಇದನ್ನೇ ಬೆರೆಸಿ ನಿಮ್ಮನ್ನ ಹೆದರಿಸ್ತಾರೆ.

ವಿರಾಜಪೇಟೆ ಟೆಸ್ಟರ್: ಮ್ಯಾನೇಜರ್‌ಗೆ 1961ರ ಕಾಯ್ದೆ ತೋರಿಸಿದರೆ ಅಪ್ರೈಸಲ್ ದಿನ ನೀವು ಬರ್ತೀರಾ ಸರ್ ಪಕ್ಕದಲ್ಲಿ ಕೂರೋಕೆ?

ಮಡಿಕೇರಿ ವಕೀಲ: ಹೇಡಿಗಳಿಗೆ ಕಾನೂನು ಇದ್ದೇನು ಬಿಟ್ಟೇನು.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಶನಿವಾರಸಂತೆ: ನಿದ್ದೆ ಬರಿಸೋ ಆಲ್ಪ್ರಜೋಲಾಂ ಅರ್ಧ ಮಾತ್ರೆ ರಿಲೀಸ್ ವಾರ ಮಾತ್ರ ತಗೋಬಹುದಾ? ಮೆಡಿಕಲ್‌ನಲ್ಲಿ ಪರಿಚಯದವರು ಕೊಡ್ತಾರೆ.

ಡಾಕ್ಟರ್: ಬೇಡ. ಚೀಟಿ ಇಲ್ಲದೆ ಮಾರಬಾರದ ಮಾತ್ರೆ ಅದು. ರಿಲೀಸ್ ವಾರ ಪ್ರತಿ ತಿಂಗಳೂ ಬರುತ್ತೆ, ಮಾತ್ರೆ ಅಭ್ಯಾಸಕ್ಕೆ ಬೀಳುತ್ತೆ. ರಾತ್ರಿ ಒಂದು ಪೆಗ್ ಹಾಕುವವರು ಅದರ ಜೊತೆ ಇದನ್ನು ನುಂಗಿದರೆ ಉಸಿರೇ ನಿಧಾನವಾಗುತ್ತೆ. ಪೆಗ್ ಕೂಡ ನಿದ್ದೆ ಬರಿಸಿದ ಹಾಗೆ ಮಾಡಿ ರಾತ್ರಿಯ ಎರಡನೇ ಅರ್ಧ ಕೆಡಿಸುತ್ತೆ.

ಪೊನ್ನಂಪೇಟೆ: ಟೀಮಿನ ದಿನನಿತ್ಯದ ಸ್ಟ್ಯಾಂಡಪ್ ಮೀಟಿಂಗ್‌ಗೆ ಮುಂಚೆ ಎದೆ ಹಿಡಿದ ಹಾಗೆ ಆಗುತ್ತೆ. ಗ್ಯಾಸಾ, ಟೆನ್ಶನ್ನಾ?

ಡಾಕ್ಟರ್: ಮೊದಲು ಇಸಿಜಿ. ಟೆನ್ಶನ್ ಅಂತ ಹೇಳೋದು ಆಮೇಲೆ. ನಡೆದಾಗ ಹೆಚ್ಚಾದರೆ, ಬೆವರಿದರೆ, ಕೈಗೆ ದವಡೆಗೆ ಎಳೆದರೆ ಇವತ್ತೇ ಹೋಗಿ.

ಸಿದ್ದಾಪುರ: ಮೇಡಂ ನಿದ್ದೆ ಮಾತ್ರೆ ಯಾವುದು ಒಳ್ಳೇದು?

ಡಾಕ್ಟರ್: ಮೇಲೆ ಓದಿ.

ಭಾಗಮಂಡಲ: ರಾತ್ರಿ ಕಾಫಿ ಕುಡೀಬಹುದಾ?

ಡಾಕ್ಟರ್: ಮೇಲೆ ಓದಿ.

ಸೋಮವಾರಪೇಟೆ: ಜಾಯಿಕಾಯಿ ನಮ್ಮಜ್ಜಿ ಕೊಡ್ತಿದ್ರು. ಇಂಗ್ಲಿಷ್ ಔಷಧಿಯವರಿಗೆ ಗೊತ್ತಿರಲ್ಲ.

ಡಾಕ್ಟರ್: ನಿಮ್ಮಜ್ಜಿ ಎರಡು ಚಮಚ ಕೊಟ್ಟಿರಲ್ಲ. ಅಡ್ಮಿನ್, ಆ ಸಂದೇಶ ಇನ್ನೂ ಇದೆ. ಅದು ಇದ್ದರೆ ನಾನು ಇರಲ್ಲ.

ಅಡ್ಮಿನ್: ಅಳಿಸಿದೆ ಮೇಡಂ.

ಎಸ್ಟೇಟ್ ಅಂಕಲ್: ಒಂದು ಮಾತು ಹೇಳಂಗಿಲ್ಲ ಈ ಗುಂಪಲ್ಲಿ.

ನಾಪೋಕ್ಲು ಅಕ್ಕ: ಮೇಡಂ, ಅತ್ತೆಯನ್ನ ಕೇಳಿದೆ. ಇವರ ಸೋದರಮಾವ ವರ್ಷಾನುಗಟ್ಟಲೆ ಲಿಥಿಯಂ ತಗೋತಿದ್ರಂತೆ, ನಮಗೆ ಹೇಳಿರಲಿಲ್ಲ. ನಾಳೆ ಭಾವ ಕಾರು ಓಡಿಸಿಕೊಂಡು ಬರ್ತಾರೆ. ನಿದ್ದೆಗೆ ತೋರಿಸೋಣ ಅಂದೆ, ಒಪ್ಪಿದ್ದಾರೆ. ಹಳೇ ಥೈರಾಯ್ಡ್ ರಿಪೋರ್ಟ್ ಇದೆ, ತರಲಾ?

ಡಾಕ್ಟರ್: ತನ್ನಿ. ಮನೆಯಲ್ಲಿರೋ ಎಲ್ಲ ಮಾತ್ರೆಗಳ ಸ್ಟ್ರಿಪ್ ಕೂಡ ತನ್ನಿ, ಖಾಲಿಯಾಗಿದ್ದರೂ. ಈಗ ಫೋನ್ ಮಾಡಿ.